ಆ ಹೆಸರಿನವರು ಇಲ್ಲಿಲ್ಲ

ಆ ಊರಿನಲ್ಲಿ ಮನುಷ್ಯರಿಗೆ ಹೆಸರಿರಲಿಲ್ಲ. ಹೆಸರಿದ್ದದ್ದು ಜ್ವರಕ್ಕೆ ಮಾತ್ರ.

ನೇಯುವವನನ್ನು ನೇಕಾರ ಎಂದರು, ಮಡಕೆ ಮಾಡುವವಳನ್ನು ಕುಂಬಾರಗಿತ್ತಿ ಎಂದರು, ಕೋಳಿ ಸಾಕುವವನನ್ನು ಕೋಳಿಯವನು ಎಂದರು. ಅಷ್ಟರಲ್ಲೇ ಎಲ್ಲರ ಬದುಕೂ ನಡೆದುಹೋಗುತ್ತಿತ್ತು. ಆದರೆ ಗಾಯದಲ್ಲಿ ಕೀವು ತುಂಬಿ ಬರುವ ಜ್ವರಕ್ಕೆ, ಎದೆಯೊಳಗೆ ಕಫ ಕೊಳೆತು ಬರುವ ಜ್ವರಕ್ಕೆ, ಹೆತ್ತವಳ ಒಡಲಿಗೆ ನುಗ್ಗುವ ಜ್ವರಕ್ಕೆ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಜ್ವರ ಎದ್ದು ಹೋಗಲೇಬೇಕಾಗಿತ್ತು. ಅದು ಆ ಊರಿನ ಕಟ್ಟಳೆ.

ಹೆಸರು ಗೊತ್ತಿದ್ದವಳು ಊರಿಗೆ ಒಬ್ಬಳೇ. ಜನ ಅವಳನ್ನು ಕೂಗವ್ವ ಎನ್ನುತ್ತಿದ್ದರು. ಜ್ವರ ಬಂದ ಮನೆಗೆ ಬೆಳಗಾಗುತ್ತಲೇ ಅವಳು ಹೋಗುತ್ತಿದ್ದಳು. ಅವಳು ಹೊಸ್ತಿಲು ದಾಟಿದರೆ ಮನೆಯ ಸದ್ದೆಲ್ಲ ನಿಲ್ಲಬೇಕು. ಒರಳು ನಿಲ್ಲಬೇಕು, ಮಗ್ಗ ನಿಲ್ಲಬೇಕು, ಅಳುವ ಮಗುವಿನ ಬಾಯಿಗೆ ಮೊಲೆ ಬೀಳಬೇಕು. ಮಲಗಿದವರ ಕಿವಿಯ ಹತ್ತಿರ ಬಗ್ಗಿ, ಬೇರೆ ಕಿವಿಗೆ ಬೀಳದ ಹಾಗೆ, ಅವಳು ಹೆಸರು ಕೂಗುತ್ತಿದ್ದಳು. ಆಮೇಲೆ ಮನೆಯವರೆಲ್ಲ ಗೋಡೆಗೆ ಒತ್ತಿಕೊಂಡು ಬಾಗಿಲಿನ ದಾರಿ ಬಿಡುತ್ತಿದ್ದರು. ಬಿಸಿ ಉಸಿರೊಂದು ಅವರ ಮೊಣಕಾಲು ಸವರಿಕೊಂಡು ಹೊರಗೆ ಹೋಗುತ್ತಿತ್ತು. ಅದು ಹೋದ ಬೀದಿಯಲ್ಲಿ ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆಗಳು ಕ್ಷಣದಲ್ಲೇ ಒಣಗಿಬಿಡುತ್ತಿದ್ದವು. ಒಣಗಿದ ಬಟ್ಟೆ ಕಂಡರೆ ಆ ಬೀದಿಯವರು, ಯಾರದೋ ಮನೆಯ ಜ್ವರ ಹೊರಟಿತು ಎಂದು ಸಂತೋಷಪಡುತ್ತಿದ್ದರು.

ಹೆಸರನ್ನು ಅವಳಿಗೆ ಕೊಟ್ಟವಳು ಹಿಂದಿನ ಕೂಗವ್ವ. ಅವಳು ಈಗ ಹಣ್ಣುಹಣ್ಣು ಮುದುಕಿಯಾಗಿ, ಗುಡ್ಡದ ಮೇಲೆ ಒಂಟಿ ಗುಡಿಸಲಲ್ಲಿದ್ದಳು. ಊರಿಗೆಲ್ಲ ಅವಳು ಅಜ್ಜಿ. ಹೆಸರು ಕೊಟ್ಟ ದಿನ ಅಜ್ಜಿ ಹೀಗೆ ಹೇಳಿದ್ದಳು:

"ನೆಗಡಿಗೆ ಹೆಸರಿಲ್ಲ, ಅದಕ್ಕೆ ಕೂಗಬೇಡ. ಅದು ನೆಂಟನ ಹಾಗೆ ಬಂದು ಎಂಟು ದಿನಕ್ಕೆ ತಾನೇ ಹೋಗುತ್ತೆ. ಜ್ವರಕ್ಕೆ ಕೂಗಿದರೆ ಏಳು ಬೆಳಗು ಕೂಗು. ಜ್ವರ ಅಂದರೆ ಒಬ್ಬನಲ್ಲ ಮಗಳೇ, ಒಂದು ದಂಡು. ಮೊದಲ ಬೆಳಗಿಗೆ ಪುಕ್ಕಲರೆಲ್ಲ ಓಡುತ್ತಾರೆ. ಮೂರನೆಯ ಬೆಳಗಿಗೆ ಮೈ ತಣ್ಣಗಾಗುತ್ತೆ. ಆದರೆ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತವರು ನಾಲ್ಕು ಜನ ಇದ್ದೇ ಇರುತ್ತಾರೆ. ಅವರು ಏಳುವುದು ಏಳನೆಯ ಬೆಳಗಿಗೆ. ಅವರನ್ನು ಒಳಗೆ ಉಳಿಸಿ ಬಂದರೆ ನೀನು ಜ್ವರಕ್ಕೆ ಪಾಠ ಹೇಳಿಕೊಟ್ಟು ಬಂದ ಹಾಗೆ."

ಕೂಗವ್ವ ತಲೆಯಾಡಿಸಿದ್ದಳು. ಇಪ್ಪತ್ತು ವರ್ಷ ಹಾಗೆಯೇ ನಡೆದುಕೊಂಡಿದ್ದಳು.

ಒಂದು ದಿನ ಕುಂಬಾರಗಿತ್ತಿ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಮೂಗು ಸೋರುತ್ತಿತ್ತು, ಕಣ್ಣು ಕೆಂಪಗಿತ್ತು.

"ಕೂಗವ್ವಾ, ಒಂದು ಸಲ ಹೆಸರು ಕೂಗು."

ಕೂಗವ್ವ ಕೂಸಿನ ಹಣೆ, ಎದೆ, ಕಿವಿಯ ಹಿಂದೆ ಮುಟ್ಟಿ ನೋಡಿದಳು. "ಇದು ನೆಗಡಿ ತಾಯಿ. ಇದಕ್ಕೆ ಹೆಸರಿಲ್ಲ. ಬೆಚ್ಚಗಿಡು, ಮೊಲೆ ಕೊಡು, ಹೋಗುತ್ತೆ."

"ಹೋಗದಿದ್ದರೆ?"

"ಹೋಗುತ್ತೆ."

"ಹೋದ ವರ್ಷ ಒಂದು ಕಳೆದುಕೊಂಡಿದ್ದೀನಿ ಕೂಗವ್ವಾ. ಒಂದು ಹೆಸರು ಕೂಗೋದಕ್ಕೆ ನಿನ್ನ ಗಂಟಲು ನೋಯುತ್ತಾ?"

ಅವಳು ಮೆಟ್ಟಿಲ ಮೇಲೆ ಕೂತಳು. ಹೊತ್ತು ನೆತ್ತಿಗೇರಿತು, ಅವಳು ಏಳಲಿಲ್ಲ. ನೆರಳು ಉದ್ದವಾಯಿತು, ಅವಳು ಏಳಲಿಲ್ಲ. ಬೀದಿಯವರು ಬಂದು ನಿಂತು, ಎಂಥ ಕಲ್ಲು ಮನಸ್ಸು ಇವಳದು ಎಂಬಂತೆ ಕೂಗವ್ವನನ್ನು ನೋಡಿದರು. ಕೊನೆಗೆ ಕೂಗವ್ವ ಬಗ್ಗಿ ಕೂಸಿನ ಕಿವಿಯಲ್ಲಿ ಒಂದೇ ಒಂದು ಸಲ ಹೆಸರು ಕೂಗಿದಳು. ತಾಯಿ ಕಣ್ಣೊರೆಸಿಕೊಂಡು ಎದ್ದುಹೋದಳು. ನೆಗಡಿ ಎಂಟು ದಿನ ಇದ್ದು ತಾನಾಗಿಯೇ ಹೋಯಿತು. ಕೂಗವ್ವ ಕೂಗಿದ್ದಕ್ಕೇ ಹೋಯಿತು ಎಂದು ಕುಂಬಾರಗಿತ್ತಿ ಬಾವಿಯ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದಳು.

ಆಮೇಲೆ ಕೂಗವ್ವನ ಮೆಟ್ಟಿಲು ಖಾಲಿ ಇರಲಿಲ್ಲ. ನೆಗಡಿಯವರು ಬಂದರು, ತಲೆನೋವಿನವರು ಬಂದರು, ನಾಳೆ ದೂರದ ಪ್ರಯಾಣ ಇದೆ, ಮುಂಚೆಯೇ ಒಂದು ಸಲ ಕೂಗಿಬಿಡು ಎನ್ನುವವರು ಬಂದರು. ಒಬ್ಬರಿಗೆ ಕೂಗಿದ ಮೇಲೆ ಇನ್ನೊಬ್ಬರಿಗೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಜವಾದ ಜ್ವರದವರೋ, ಮೂರನೆಯ ಬೆಳಗಿಗೆ ಎದ್ದು ಕೂರುತ್ತಿದ್ದರು. ನೇಕಾರನಂತೂ ನಾಲ್ಕನೆಯ ಬೆಳಗು ಬಾಗಿಲಲ್ಲೇ ಅವಳನ್ನು ತಡೆದ.

"ಜ್ವರ ಬಿಡ್ತಲ್ಲ ಕೂಗವ್ವಾ, ಇನ್ಯಾಕೆ? ನೀನು ಬಂದರೆ ಮಗ್ಗ ನಿಲ್ಲಿಸಬೇಕು. ಮದುವೆ ಮನೆಯವರು ಸೀರೆಗೆ ಕಾದು ಕೂತಿದ್ದಾರೆ."

"ಇನ್ನೂ ನಾಲ್ಕು ಬೆಳಗು ಇದೆಯಪ್ಪ."

"ಆ ನಾಲ್ಕನ್ನು ಎತ್ತಿಡು. ಮುಂದಿನ ಸಲ ಜ್ವರ ಬಂದಾಗ ಆಗುತ್ತೆ."

ಕೂಗವ್ವನಿಗೆ ನಗು ಬಂತು. ನಗುತ್ತಲೇ ಹಿಂದಿರುಗಿದಳು. ಆ ನಗುವನ್ನು ನೆನೆದು ಮುಂದೆ ಅವಳು ಎಷ್ಟು ಸಲ ಬಾಯಿ ಮುಚ್ಚಿಕೊಂಡಳೋ ಲೆಕ್ಕವಿಲ್ಲ.

ಓಡಾಡಿ ಓಡಾಡಿ ಅವಳ ಕಾಲು ಬಾತುಕೊಂಡಿತು. ಆಗ ಊರಿನ ಯಜಮಾನ ಅವಳ ಮನೆಗೆ ಬಂದ. ಒಳ್ಳೆಯ ಮನುಷ್ಯ, ಊರಿನ ಚಿಂತೆಯಲ್ಲೇ ತಲೆ ನರೆತವನು.

"ಕೂಗವ್ವಾ, ನೀನೊಬ್ಬಳು ಎಷ್ಟು ಮನೆ ಸುತ್ತುತ್ತೀ? ಆ ಹೆಸರನ್ನು ಹೇಳು. ಸಂತೆ ಬಯಲಿನ ಕಲ್ಲಿನ ಮೇಲೆ ಕೆತ್ತಿಸುತ್ತೀನಿ. ಯಾರಿಗೆ ಬೇಕೋ ಅವರು ಓದಿಕೊಂಡು ಅವರವರ ಮನೆಯಲ್ಲಿ ಕೂಗಿಕೊಳ್ಳಲಿ. ನಿನಗೂ ವಿಶ್ರಾಂತಿ, ಊರಿಗೂ ಒಳ್ಳೆಯದು."

ಕೂಗವ್ವ ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟ ತನ್ನ ಕಾಲುಗಳನ್ನು ನೋಡಿದಳು. ಗುಡ್ಡದ ಕಡೆಗೆ ನೋಡಲಿಲ್ಲ. ಹೆಸರು ಹೇಳಿದಳು.

ಕಲ್ಲುಕುಟಿಗ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಕೆತ್ತಿದ. ಅಂದಿನಿಂದ ಆ ಹೆಸರು ಊರಿನ ಗಾಳಿಯಾಯಿತು. ಮಕ್ಕಳು ಅದನ್ನು ಹೇಳಿಕೊಂಡು ಕುಂಟೆಬಿಲ್ಲೆ ಆಡಿದರು. ಹೆಂಗಸರು ಅದನ್ನು ಗುನುಗಿಕೊಂಡು ರೊಟ್ಟಿ ತಟ್ಟಿದರು. ಕೋಳಿಯವನು ತನ್ನ ಹತ್ತು ಸಾವಿರ ಕೋಳಿಗಳ ಮುಂದೆ ನಿಂತು, ಕಾಳು ಎರಚುತ್ತ, ದಿನಾ ಬೆಳಗ್ಗೆ ಒಂದೊಂದೇ ಸಲ ಕೂಗಿದ. ಕೋಳಿಗಳಿಗೆ ಜ್ವರವಿರಲಿಲ್ಲ. ಆದರೆ ಹೆಸರು ಕೇಳಿದ ಕೋಳಿ ಬೇಗ ಕೊಬ್ಬುತ್ತದೆ ಎಂದು ಅವನು ಕಂಡುಕೊಂಡಿದ್ದ.

ಕೂಗವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತು ಬೀದಿಯ ಹಗ್ಗಗಳನ್ನು ನೋಡುತ್ತಿದ್ದಳು. ಜ್ವರ ಹೊರಟ ಮನೆಯ ಮುಂದೆ ಕ್ಷಣದಲ್ಲೇ ಒಣಗುತ್ತಿದ್ದ ಬಟ್ಟೆ ಈಗ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಮುಂದಿನ ವರ್ಷ ಸಂಜೆಗೆ ಒಣಗಿತು. ಅದರ ಮುಂದಿನ ವರ್ಷ ಸಂಜೆಯೂ ಹಸಿಯಾಗಿಯೇ ತೂಗುತ್ತಿತ್ತು. ಅವಳು ನೋಡಿದಳು. ನೋಡಿ, ಈ ಸಲ ಬಿಸಿಲು ಕಡಿಮೆ ಎಂದುಕೊಂಡಳು. ಯಾರಿಗೂ ಏನೂ ಹೇಳಲಿಲ್ಲ.

ಆ ವರ್ಷವೇ ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೊಳೆಯಾಚೆಯ ಊರಿಗೆ ಕೊಟ್ಟಿದ್ದ ಹುಡುಗಿ. ಕಲ್ಲು ತಿಂದು ಅರಗಿಸಿಕೊಳ್ಳುವ ಮೈ. ಹುಟ್ಟಿದಂದಿನಿಂದ ಒಂದು ದಿನವೂ ಮಲಗಿದವಳಲ್ಲ, ಅವಳ ಕಿವಿಯಲ್ಲಿ ಒಂದು ಸಲವೂ ಯಾರೂ ಹೆಸರು ಕೂಗಿರಲಿಲ್ಲ. ಹೆಣ್ಣುಮಗು ಹುಟ್ಟಿತು. ಮಗು ಎಷ್ಟು ಜೋರಾಗಿ ಅತ್ತಿತೆಂದರೆ ಮಗಳು ನೋವಿನಲ್ಲೂ ನಕ್ಕು, "ಅವ್ವಾ, ಇದೇ ನಿನ್ನ ಮುಂದಿನ ಕೂಗವ್ವ" ಎಂದಳು.

ಮೂರನೆಯ ದಿನ ಮಗಳಿಗೆ ನಡುಕ ಬಂತು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಮುಟ್ಟಿದರೆ ಕಾದ ಹೆಂಚು. ಕೂಗವ್ವ ಹೆದರಲಿಲ್ಲ. ಈ ಜ್ವರ ಅವಳಿಗೆ ಗೊತ್ತಿದ್ದದ್ದೇ. ಬೆಳಗಾಗುವುದನ್ನೇ ಕಾದಳು. ಮನೆಯ ಸದ್ದೆಲ್ಲ ನಿಲ್ಲಿಸಿದಳು. ಮಗಳ ಕಿವಿಯ ಹತ್ತಿರ ಬಗ್ಗಿ, ಇಪ್ಪತ್ತು ವರ್ಷ ಕೂಗಿದ ಹಾಗೆಯೇ, ಹೆಸರು ಕೂಗಿದಳು. ಬಾಗಿಲಿನ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡಳು.

ಮೊಣಕಾಲಿಗೆ ಯಾವ ಉಸಿರೂ ತಾಗಲಿಲ್ಲ.

ಮತ್ತೆ ಬಗ್ಗಿದಳು, ಮತ್ತೆ ಕೂಗಿದಳು. ಆಗ ಮಗಳ ತುಟಿ ತೆರೆಯಿತು. ಕಣ್ಣು ಮುಚ್ಚಿಯೇ ಇತ್ತು. ತುಟಿಯಿಂದ ಬಂದ ದನಿ ಮಗಳದಲ್ಲ. ಬಾಗಿಲಿಗೆ ಬಂದ ಅಪರಿಚಿತರ ಜೊತೆ ಮನೆಯವರು ಮಾತಾಡುವ ಹಾಗೆ, ಮೆಲ್ಲಗೆ, ಮರ್ಯಾದೆಯಿಂದ, ಆ ದನಿ ಕೇಳಿತು:

"ಯಾರು ಬೇಕಾಗಿತ್ತು? ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

ಕೂಗವ್ವನ ಕೈ ತಾಗಿ ಹಾಸಿಗೆಯ ಪಕ್ಕದ ಕಂಚಿನ ಬಟ್ಟಲು ನೆಲಕ್ಕೆ ಬಿದ್ದು ಗಿರಗಿರ ತಿರುಗಿತು.

"ನನ್ನ ಮಗಳ ಕಿವಿಯಲ್ಲಿ ಇವತ್ತಿನವರೆಗೆ ಯಾರೂ ಈ ಹೆಸರು ಕೂಗಿರಲಿಲ್ಲ!" ಎಂದು ಅವಳು ಕಿರುಚಿದಳು. ಯಾರಿಗೆ ಕಿರುಚಿದಳೋ ಅವಳಿಗೇ ಗೊತ್ತಿಲ್ಲ.

"ಅವಳು ಕೇಳಿಲ್ಲ," ಎಂದಿತು ಮಗಳ ಬಾಯಿ. "ನಾವು ಕೇಳಿದ್ದೇವೆ."

ಕೂಗವ್ವ ಬೀದಿಗೆ ಓಡಿದಳು. ಎದುರಿಗೆ ನೇಕಾರನ ಹೆಂಡತಿ ಸೆರಗು ಜಾರಿದ್ದರ ಪರಿವೆಯಿಲ್ಲದೆ ಓಡಿಬರುತ್ತಿದ್ದಳು. ಅವಳ ಗಂಡನಿಗೂ ಮತ್ತೆ ಜ್ವರ, ಅವನ ಬಾಯಲ್ಲೂ ಅದೇ ಮಾತು. ಗಾಣದವರ ಮನೆಯಲ್ಲಿ ಎದೆ ಕಟ್ಟಿ ಮಲಗಿದ ಮುದುಕನ ಬಾಯಲ್ಲೂ ಅದೇ ಮಾತು. ಆರು ಮನೆಯಲ್ಲಿ ಆರು ಬಾಯಿ ಒಂದೇ ದನಿಯಲ್ಲಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಎಂದವು. ಕೂಗವ್ವ ಕೋಳಿಯವನ ದೊಡ್ಡಿಗೆ ನುಗ್ಗಿದಳು. ಬಾಯಿ ತೆರೆದು ಹೆಸರಿನ ಮೊದಲ ಅಕ್ಷರ ಹೇಳುವಷ್ಟರಲ್ಲಿ ಹತ್ತು ಸಾವಿರ ಕೋಳಿಗಳು ಕಾಳು ಹೆಕ್ಕುವುದನ್ನು ಬಿಟ್ಟು ಒಮ್ಮೆಗೇ ಕತ್ತೆತ್ತಿದವು. ಒಂದೂ ಕೊಕ್ಕು ಅಲುಗಲಿಲ್ಲ. ದಿನಾ ಕೇಳಿ ಬೇಸತ್ತವರು ನೋಡುವ ಹಾಗೆ ಅವಳನ್ನು ನೋಡಿ, ಮತ್ತೆ ಕಾಳಿಗೆ ಬಗ್ಗಿದವು.

"ನಾನು ಕೂಗಿದ್ದು ಒಳ್ಳೆಯ ಹೆಸರನ್ನೇ ಅಲ್ಲವಾ?" ಎಂದ ಕೋಳಿಯವನು, ಮುಖ ಬಿಳಿಚಿಕೊಂಡು. "ವಿಷ ಹಾಕಲಿಲ್ಲವಲ್ಲ ನಾನು?"

ಕೂಗವ್ವ ದೊಡ್ಡಿಯಿಂದ ಹೊರಬಿದ್ದಳು. ಬಾತ ಕಾಲಿನಲ್ಲೇ ಗುಡ್ಡ ಹತ್ತಿದಳು.

ಅಜ್ಜಿ ಗುಡಿಸಲ ಮುಂದೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಕೂಗವ್ವ ಎದುರಿಗೆ ಕುಸಿದು ಎಲ್ಲವನ್ನೂ ಹೇಳಿದಳು. ಕುಂಬಾರಗಿತ್ತಿಯ ಕೂಸು, ನೇಕಾರನ ನಾಲ್ಕು ಬೆಳಗು, ಕಲ್ಲು, ಕೋಳಿ, ಒಣಗದ ಬಟ್ಟೆ, ಒಂದನ್ನೂ ಮುಚ್ಚಿಡಲಿಲ್ಲ. ಅಜ್ಜಿ ಅವಳ ತುಟಿಗಳನ್ನೇ ನೋಡುತ್ತಿದ್ದಳು, ಅವು ನಿಂತ ಮೇಲೂ.

"ಜ್ವರ ಹೆಸರು ಬದಲಿಸಿಕೊಂಡಿದೆ," ಎಂದಳು ಕೊನೆಗೆ. "ಮೂಲೆಯಲ್ಲಿ ಉಳಿದವರು ಮನೆಮನೆಯಲ್ಲಿ ಮಕ್ಕಳು ಮರಿ ಮಾಡಿಕೊಂಡಿದ್ದಾರೆ. ಅವರ್ಯಾರಿಗೂ ಹಳೆಯ ಹೆಸರಿಲ್ಲ."

"ನನ್ನ ಮಗಳು ಸಾಯುತ್ತಾಳೆ ಅಜ್ಜೀ."

"ಇನ್ನೊಂದು ಇದೆ."

ಕೂಗವ್ವ ತಲೆಯೆತ್ತಿದಳು.

"ದೊಡ್ಡ ಹೆಸರು. ಜ್ವರಗಳ ಕುಲಕ್ಕೇ ಇರುವ ಹೆಸರು. ಅದಕ್ಕೆ ಎಂಥ ಜ್ವರವೂ ಏಳುತ್ತೆ. ಆದರೆ ಅದು ಕಿವಿಯ ದಾರಿಯಲ್ಲಿ ಹೋಗುವಾಗ ಕಿವಿಯನ್ನು ಸುಟ್ಟುಕೊಂಡು ಹೋಗುತ್ತೆ. ನನಗೆ ಎಂಟು ವರ್ಷವಿದ್ದಾಗ ನನ್ನವ್ವ ನನಗೆ ಕೂಗಿದಳು. ನಾನು ಬದುಕಿದೆ. ಆಮೇಲೆ ನಾನು ಯಾವ ಸದ್ದನ್ನೂ ಕೇಳಿಲ್ಲ."

ಅಜ್ಜಿ ಆ ಹೆಸರನ್ನು ಬಾಯಿಂದ ಹೇಳಲಿಲ್ಲ. ಕೂಗವ್ವನ ಅಂಗೈಯನ್ನು ಬಿಡಿಸಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. "ಬಾಗಿಲು ಹಾಕಿಕೊಂಡು ಕೂಗು. ನಿನ್ನ ಕಿವಿಗೆ ಹತ್ತಿ ಇಟ್ಟು ಜೇನುಮೇಣ ಮೆತ್ತಿಕೋ. ಮಲಗಿದವರ ಕಿವಿಯೊಳಗೆ ಬಿಟ್ಟು ಇನ್ನೆಲ್ಲೂ ಒಂದು ಅಕ್ಷರವೂ ಚೆಲ್ಲಬಾರದು. ಏಳು ಬೆಳಗು."

"ಈ ಹೆಸರೂ ಹೋದರೆ?"

ಅಜ್ಜಿ ಅವಳ ತುಟಿಯನ್ನು ನೋಡಿದಳು. ಪ್ರಶ್ನೆ ಅಜ್ಜಿಗೆ ಅರ್ಥವಾಗಿತ್ತು. ಆದರೂ ಹುಣಸೆಹಣ್ಣಿಗೆ ಕೈಹಾಕಿ ಬೀಜ ಬಿಡಿಸತೊಡಗಿದಳು.

ಏಳು ಬೆಳಗು ಕೂಗವ್ವನ ಮನೆಯ ಬಾಗಿಲು ಮುಚ್ಚಿತ್ತು. ಮಗುವನ್ನು ಕುಂಬಾರಗಿತ್ತಿ ತನ್ನ ಮನೆಗೆ ಒಯ್ದು, ತನ್ನ ಕಿರಿಯ ಕೂಸಿನ ಜೊತೆ ತನ್ನ ಹಾಲು ಕುಡಿಸಿ ನೋಡಿಕೊಂಡಳು. ಯಾರೂ ಹೇಳದೆಯೇ ಅವಳು ಬಂದಿದ್ದಳು. ಕೂಗವ್ವನ ಮುಖವನ್ನು ಮಾತ್ರ ನೋಡಲಾರದೆ ತಲೆ ತಗ್ಗಿಸಿಕೊಂಡು ಮಗುವನ್ನು ಎತ್ತಿಕೊಂಡಿದ್ದಳು.

ಮೊದಲ ಬೆಳಗು ಮಗಳ ಮೈಯೊಳಗಿನ ದನಿ ಬಾಯಿ ಬಿಡಲಿಲ್ಲ. ಮೂರನೆಯ ಬೆಳಗು ಮೈ ತಣ್ಣಗಾಯಿತು, ಮಗಳು ಗಂಜಿ ಕೇಳಿದಳು. ಕೂಗವ್ವ ಗಂಜಿ ಕುಡಿಸಿದಳು, ಕೂಗುವುದನ್ನು ನಿಲ್ಲಿಸಲಿಲ್ಲ. ನಾಲ್ಕನೆಯ ಬೆಳಗು ಮಗಳು, "ಅವ್ವಾ, ಕಿವಿಯಲ್ಲಿ ಹೊಳೆ ಹರಿಯೋ ಸದ್ದು" ಎಂದಳು. ಆರನೆಯ ಬೆಳಗು, "ಹೊಳೆ ಬತ್ತಿತು" ಎಂದಳು. ಏಳನೆಯ ಬೆಳಗು ಕೂಗವ್ವ ಅಳುತ್ತ ಕೂಗಿದಳು. ತನ್ನ ಬಾಯಿಂದಲೇ ಮಗಳ ಕಿವಿಯ ಕೊನೆಯ ಎಳೆಯನ್ನು ಕಡಿಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಗೋಡೆಗೆ ಒತ್ತಿಕೊಂಡು ನಿಂತಳು. ಬಾಗಿಲ ಸಂದಿಯಿಂದ ಬಿಸಿ ಉಸಿರೊಂದು ಹೊರಗೆ ಹೋಯಿತು.

ಆ ಮಧ್ಯಾಹ್ನ ಬಾಗಿಲು ತೆರೆದಾಗ ಊರೇ ಬೀದಿಯಲ್ಲಿ ನಿಂತಿತ್ತು. ಮುಂದೆ ಯಜಮಾನ, ಅವನ ಪಕ್ಕದಲ್ಲಿ ಉಳಿ ಸುತ್ತಿಗೆ ಹಿಡಿದ ಕಲ್ಲುಕುಟಿಗ. ಯಜಮಾನನ ಮೂಗು ಕೆಂಪಾಗಿತ್ತು, ಶಲ್ಯದ ತುದಿಯಿಂದ ಒರೆಸಿಕೊಳ್ಳುತ್ತಿದ್ದ.

"ಮಗಳು ಉಳಿದಳಂತೆ, ಸಂತೋಷ," ಎಂದ. "ಹೊಸ ಹೆಸರು ಸಿಕ್ಕಿದೆಯಂತೆ. ಹೇಳು ಕೂಗವ್ವಾ, ಹಳೆಯದನ್ನು ಅಳಿಸಿ ಅದನ್ನೇ ಕೆತ್ತಿಸೋಣ. ನನಗೂ ಎರಡು ದಿನದಿಂದ ಮೈ ಸರಿಯಿಲ್ಲ. ಮೊದಲು ನನಗೇ ಕೂಗು."

ಕೂಗವ್ವ ಮೆಟ್ಟಿಲಿಳಿದು ಅವನ ಹಣೆ ಮುಟ್ಟಿದಳು, ಎದೆ ಮುಟ್ಟಿದಳು, ಕಿವಿಯ ಹಿಂದೆ ಮುಟ್ಟಿದಳು.

"ನಿಮಗೆ ನೆಗಡಿ ಯಜಮಾನರೇ. ಬಿಸಿನೀರು ಕುಡಿದು ಮಲಗಿ. ಕೂಗುವುದಿಲ್ಲ."

"ಮಗಳಿಗೆ ಒಂದು ನ್ಯಾಯ, ಊರಿಗೆ ಒಂದು ನ್ಯಾಯವೋ?" ಗುಂಪಿನಲ್ಲಿ ಯಾರೋ ಕೂಗಿದರು. "ಹೆಸರು ನಿನ್ನ ಮನೆಯ ಸ್ವತ್ತೇನು?" ಎಂದರು ಇನ್ಯಾರೋ. ಕಲ್ಲುಕುಟಿಗ ಒಂದು ಹೆಜ್ಜೆ ಮುಂದೆ ಬಂದ. "ಹೇಳದಿದ್ದರೆ ಈ ಊರಿನಲ್ಲಿ ನಿನಗೆ ಜಾಗವಿಲ್ಲ," ಎಂದ ಯಜಮಾನ. ಅವನ ದನಿ ಭಯಕ್ಕೆ ನಡುಗುತ್ತಿತ್ತು.

"ಹಳೆಯ ಹೆಸರನ್ನು ಕೊಂದವಳು ನಾನು," ಎಂದಳು ಕೂಗವ್ವ. "ಬೇಡದಿದ್ದಲ್ಲಿ ಮೊದಲು ಕೂಗಿದವಳು ನಾನು. ಕಲ್ಲಿಗೆ ಕೊಟ್ಟವಳು ನಾನು. ನೀವು ಅರ್ಧಕ್ಕೆ ನಿಲ್ಲಿಸಿದಾಗ ನಕ್ಕು ಬಂದವಳೂ ನಾನೇ. ಇದನ್ನು ಕೊಲ್ಲಲಾರೆ."

ಆ ಹೊತ್ತಿಗೆ ಕುಂಬಾರಗಿತ್ತಿ ಗುಂಪನ್ನು ಸೀಳಿಕೊಂಡು ಮಗುವನ್ನು ತಂದಳು. ಒಳಗಿನಿಂದ ಮಗಳು ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಬಿಳಿಚಿದ ಮುಖ, ಆದರೆ ಮಗುವನ್ನು ಕಂಡು ಅರಳಿತು. ಕೈ ಚಾಚಿ ತೆಗೆದುಕೊಂಡು ಭುಜಕ್ಕೆ ಹಾಕಿಕೊಂಡಳು. ಹಸಿದಿದ್ದ ಮಗು ಬಾಯಿ ತೆರೆದು ಕಿರುಚಿತು. ಬೀದಿಯ ಆ ತುದಿಗೆ ಕೇಳುವ ಹಾಗೆ, ತಾಯಿಯ ಕಿವಿಗೆ ಬಾಯಿ ತಾಗಿಸಿಕೊಂಡೇ, ಮುಷ್ಟಿ ಬಿಗಿದು ಕಿರುಚಿತು.

ಮಗಳು ಅದರ ಬೆನ್ನು ತಟ್ಟುತ್ತ, ಗುಂಪನ್ನು ನೋಡಿ ನಕ್ಕಳು. ಪಿಸುದನಿಯಲ್ಲಿ ಕೇಳಿದಳು:

"ಅವ್ವಾ, ಮಲಗಿತಾ?"

ಕಲ್ಲುಕುಟಿಗನ ಕೈಯಿಂದ ಉಳಿ ಜಾರಿತು, ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಕೂಗವ್ವ ಮಗಳ ಕೈ ಹಿಡಿದು ಮಗುವಿನ ಎದೆಯ ಮೇಲಿಟ್ಟಳು. ಅಂಗೈ ಕೆಳಗೆ ಆ ಪುಟ್ಟ ಎದೆ ಅದುರುತ್ತಿತ್ತು. ಮಗಳು ಮಗುವನ್ನು ಮುಂದಕ್ಕೆ ತಂದು ಅದರ ತೆರೆದ ಬಾಯಿಯನ್ನು, ಕೆಂಪಾದ ಮುಖವನ್ನು, ಕಣ್ಣೀರನ್ನು ನೋಡಿದಳು. ಅವಳ ನಗು ಹಾಗೇ ನಿಂತುಹೋಯಿತು.

ಯಜಮಾನ ಶಲ್ಯದಿಂದ ಮುಖ ಮುಚ್ಚಿಕೊಂಡು ಮನೆಯ ಕಡೆ ತಿರುಗಿದ. ಉಳಿದವರೂ ಒಬ್ಬೊಬ್ಬರಾಗಿ ಕರಗಿದರು.

ಮರುದಿನದಿಂದ ಕೂಗವ್ವ ಕಿವಿಗೆ ಮೇಣ ಮೆತ್ತಿಕೊಂಡು ಆ ಆರು ಮನೆಗಳಿಗೆ ಹೋದಳು. ಇಬ್ಬರು ಅವಳು ಬರುವ ಮೊದಲೇ ತೀರಿಕೊಂಡಿದ್ದರು. ಗಾಣದವರ ಮನೆಯ ಮುದುಕ, ಈ ವಯಸ್ಸಿಗೆ ಇನ್ನೇನು ಕೇಳಬೇಕಿದೆ, ಕೂಗು ಎಂದ, ಆದರೂ ಉಳಿಯಲಿಲ್ಲ. ಮೂವರು ಉಳಿದರು. ಕೋಳಿಯವನು ದೊಡ್ಡಿಯ ಮುಂದೆ ಸುಮ್ಮನೆ ನಿಂತು ಕಾಳು ಎರಚತೊಡಗಿದ, ಕೋಳಿಗಳು ಸಣ್ಣಗಾದವು. ನೆಗಡಿಯ ಮಕ್ಕಳನ್ನು ತಾಯಂದಿರು ಎದೆಗವಚಿಕೊಂಡು ಒಂದು, ಎರಡು ಎಂದು ದಿನ ಎಣಿಸಿದರು.

ಉಳಿದ ಮೂವರಲ್ಲಿ ನೇಕಾರನೂ ಒಬ್ಬ. ಅವನ ಮನೆಯಲ್ಲಿ ಏಳನೆಯ ಬೆಳಗು ಮುಗಿಸಿ ಕೂಗವ್ವ ಬೀದಿಗಿಳಿದಾಗ ಅವನು ಬಾಗಿಲಿಗೆ ಬಂದು ಹಿಂದಿನಿಂದ ಕೂಗಿದ. ತನ್ನ ದನಿ ತನಗೇ ಕೇಳದ್ದರಿಂದ ಅವನು ಬೀದಿಯೆಲ್ಲ ಬೆಚ್ಚಿಬೀಳುವಷ್ಟು ಜೋರಾಗಿ ಕೂಗಿದ್ದ.

"ಕೂಗವ್ವಾ! ಇದಾದ ಮೇಲೆ ಇನ್ನೆಷ್ಟು ಹೆಸರು ಉಳಿದಿವೆ?"

ಮನೆಮನೆಯ ಬಾಗಿಲಲ್ಲಿ ಜನ ಬಂದು ನಿಂತರು. ಕಿವಿ ಕೇಳದವನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಕೂಗವ್ವ ಅವನ ಕಡೆ ತಿರುಗಿ ಕೈಯೆತ್ತಿದಳು. ಬೆರಳುಗಳನ್ನು ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ, ಖಾಲಿ ಅಂಗೈಯನ್ನು ತೋರಿಸಿದಳು.